ನಮ್ಮ ಕಡೆ ವಸಂತ ಎಲ್ಲಿಂದ ಶುರು? ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಬೆಳಗಿನ ನಡಿಗೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿ ಕೊನೆಯಿಂದ ಮಾರ್ಚ್ ತನಕ ಮರ, ಹಕ್ಕಿ ನೋಡಲು ಬರುವವರು ಹೆಚ್ಚೂ ಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಬೆಂಗಳೂರು, ಮಲೆನಾಡಿನ ಉತ್ತರಗಳು ನಮ್ಮ ಬಯಲಿಗೆ ಹೊಂದುವುದಿಲ್ಲ. ಹಾಗಾಗಿ ಇಲ್ಲಿಯದನ್ನೇ ಇಲ್ಲಿ ಬರೆದಿದೆ.

ನಮ್ಮ ಕಡೆ ವಸಂತ ಅಂತ ಒಂದು ಇದೆಯಾ? ಚಳಿ ಹೋದ ಮಾರನೇ ದಿನವೇ ಬಿಸಿಲು ಬಡಿಯುತ್ತಲ್ಲ?

ಇದೆ. ಆದರೆ ಅದನ್ನು ಹಸಿರಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಇಲ್ಲಿ ಹಸಿರು ಅನ್ನುವುದು ಮಳೆಗಾಲದ ಮಾತು. ಫೆಬ್ರವರಿ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಬೂದಿಬಣ್ಣ ಆಗಿರುತ್ತದೆ, ಹಳ್ಳ ಬತ್ತಿರುತ್ತದೆ, ಮಧ್ಯಾಹ್ನದ ಬಿಸಿಲು 33–34 ಡಿಗ್ರಿ ಮುಟ್ಟಿರುತ್ತದೆ. ಅದೇ ಹೊತ್ತಿಗೆ ಒಂದು ಎಲೆಯೂ ಇಲ್ಲದ ಕೊಂಬೆಯ ಮೇಲೆ ಕೆಂಪು ಹೂ ಕೂತಿರುತ್ತದೆ. ನಮ್ಮ ವಸಂತ ಬರುವುದು ಬೋಳು ಮರದ ಮೇಲೆ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು.

ಹಗಲು ದೊಡ್ಡದಾಗುವುದನ್ನು ನಂಬಿ ಕೂರಬೇಡಿ. ನಮ್ಮ ಕಡೆ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಎರಡು ಗಂಟೆಯಷ್ಟೂ ವ್ಯತ್ಯಾಸ ಇಲ್ಲ. ಅದು ಕಣ್ಣಿಗೆ ಕಾಣುವುದು ಕಷ್ಟ.

ಪಂಚಾಂಗದ ಪ್ರಕಾರ ಯುಗಾದಿಗೆ ತಾನೇ ವಸಂತ? ಅದಕ್ಕೂ ಮುಂಚೆ ಹೋದರೆ ಏನು ಕಾಣುತ್ತದೆ?

ಲೆಕ್ಕಕ್ಕೆ ಚೈತ್ರ, ವೈಶಾಖ ವಸಂತ ಋತು. ಆದರೆ ಮರಗಳು ಪಂಚಾಂಗ ನೋಡುವುದಿಲ್ಲ. ಯುಗಾದಿಯೇ ವರ್ಷದಿಂದ ವರ್ಷಕ್ಕೆ ಜಾರುತ್ತದೆ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಮುತ್ತುಗದ ಹೂ ಅಷ್ಟೊಂದು ಹಿಂದೆ ಮುಂದೆ ಆಗುವುದಿಲ್ಲ. ಯುಗಾದಿ ತನಕ ಕಾದು ಕೂತರೆ ಅರ್ಧಕ್ಕೂ ಜಾಸ್ತಿ ಆಟ ಮುಗಿದಿರುತ್ತದೆ.

"ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ" ಅನ್ನುತ್ತಾರಲ್ಲ, ಅದು ಒಳ್ಳೆಯ ಗುರುತು. ಶಿವರಾತ್ರಿಗೆ ಮೂರ್ನಾಲ್ಕು ವಾರ ಮುಂಚೆ ನಡೆಯಲು ಶುರು ಮಾಡಿ. ಹೋಳಿ ಹುಣ್ಣಿಮೆ ಹೊತ್ತಿಗೆ ಹೂವಿನ ಭರಾಟೆ ನಡೆದಿರುತ್ತದೆ. ಯುಗಾದಿಗೆ ಬೇವಿನ ಹೂ. ಬೇವು–ಬೆಲ್ಲಕ್ಕೆ ಹೂ ಬೇಕೇ ಬೇಕು ಅಲ್ವಾ? ಹಬ್ಬ ಬೇಗ ಬಂದ ವರ್ಷ ಕೆಲವು ಮರಗಳಲ್ಲಿ ಬರೀ ಮೊಗ್ಗು ಸಿಗುತ್ತದೆ, ತಡವಾದ ವರ್ಷ ಗೊಂಚಲು ಗೊಂಚಲು ಹೂ.

ಹೊಸಬರು ಮೊದಲು ಯಾವುದನ್ನು ನೋಡಬೇಕು?

ಎರಡೇ ಮರ ಸಾಕು. ಬೇವು ಮತ್ತು ಮುತ್ತುಗ.

ಬೇವು ಮನೆ ಮುಂದೆಯೇ ಇರುತ್ತದೆ. ಜನವರಿ ಕೊನೆಗೆ ಎಲೆ ಹಳದಿ ಆಗಲು ಶುರುವಾಗುತ್ತದೆ. ಅಂಗಳ ಗುಡಿಸುವವರಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಬೆಳಿಗ್ಗೆ ಗುಡಿಸಿದ ಜಾಗದಲ್ಲಿ ಮಧ್ಯಾಹ್ನ ಮತ್ತೆ ಎಲೆ. ಕೆಲವು ಮರ ಪೂರ್ತಿ ಬೋಳಾಗುತ್ತವೆ, ಕೆಲವು ಅರ್ಧಂಬರ್ಧ. ಆಮೇಲೆ ಕೊಂಬೆಯ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಬರುತ್ತದೆ. ಈ ಕೆಂಪು ಕೆಲವೇ ದಿನದ್ದು, ಆಮೇಲೆ ತಿಳಿಹಸಿರು. ಎಳೆ ಎಲೆಯಲ್ಲಿ ಹಸಿರು ಪೂರ್ತಿ ತುಂಬುವ ತನಕ ಈ ಕೆಂಪು ಬಣ್ಣ ಅದನ್ನು ಬಿಸಿಲಿನಿಂದ ಕಾಯುತ್ತದೆ. ಅರಳಿ ಮರದಲ್ಲೂ ಇದೇ, ಅಲ್ಲಿ ಇನ್ನೂ ಚೆಂದ. ಬೆಳಗಿನ ಬಿಸಿಲಿಗೆ ಎದುರಾಗಿ ನಿಂತು ಅರಳಿಯ ಚಿಗುರು ನೋಡಿ, ಎಲೆಯ ನರ ನರವೂ ಕಾಣುತ್ತದೆ.

ಮುತ್ತುಗಕ್ಕೆ ಸ್ವಲ್ಪ ಊರಾಚೆ ಹೋಗಬೇಕು. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಗುಡ್ಡದ ಬುಡದಲ್ಲಿ ಸೊಟ್ಟ ಸೊಟ್ಟ ಕಾಂಡದ ಮರ ಕಂಡರೆ ಹತ್ತಿರ ಹೋಗಿ. ಒಂದು ತೊಟ್ಟಿಗೆ ಮೂರು ಅಗಲವಾದ ಎಲೆ. ಊಟದ ಎಲೆ ಹಚ್ಚುವುದು ಇದರಲ್ಲೇ. ಹೂ ಅರಳುವ ಮುಂಚಿನ ಹಂತವನ್ನು ಬಹಳ ಜನ ನೋಡಿಯೇ ಇರುವುದಿಲ್ಲ. ಬೋಳಾಗುತ್ತಿರುವ ಕೊಂಬೆಯ ಉದ್ದಕ್ಕೂ ಕಪ್ಪು ಮಿಶ್ರಿತ ಕಂದು ಬಣ್ಣದ, ಮಖಮಲ್ಲಿನಂಥ ಮೊಗ್ಗು ಸಾಲಾಗಿ ಬರುತ್ತದೆ. ದೂರದಿಂದ ನೋಡಿದರೆ ಕೊಂಬೆ ಸುಟ್ಟಿದೆಯೇನೋ ಅನ್ನಿಸುತ್ತದೆ. ಆ ಕಪ್ಪಿನೊಳಗಿಂದ ಕೇಸರಿ ಇಣುಕಿದ ದಿನ ನಮ್ಮ ವಸಂತದ ಮೊದಲ ದಿನ ಅಂತ ನಾನು ಲೆಕ್ಕ ಹಾಕುತ್ತೇನೆ. ಇದಕ್ಕೆ ಶಾಸ್ತ್ರದ ಒಪ್ಪಿಗೆ ಏನೂ ಇಲ್ಲ.

ಹೂ ಅರಳಿದ ಮರದ ಕೆಳಗೆ ಸುಮ್ನೆ ಕಾಲು ಗಂಟೆ ಕೂತುಕೊಳ್ಳಿ. ಮುತ್ತುಗಕ್ಕೆ ವಾಸನೆ ಇಲ್ಲ, ಆದರೆ ಮಕರಂದ ಧಾರಾಳ. ಗೊರವಂಕ, ಸೂರಕ್ಕಿ, ಕಾಗೆ, ಅಳಿಲು ಎಲ್ಲವೂ ಬರುತ್ತವೆ. ಮೂತಿಗೆ ಹಳದಿ ಪರಾಗ ಬಳಿದುಕೊಂಡು ಹೋಗುತ್ತವೆ.

ಒಂದು ಹನಿ ಮಳೆ ಇಲ್ಲ, ಬಾವಿಯೇ ಬತ್ತುತ್ತಿದೆ. ಮರಕ್ಕೆ ಹೂ ಬಿಡುವಷ್ಟು ನೀರು ಎಲ್ಲಿಂದ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು.

ಮರದ ನೀರು ಜಾಸ್ತಿ ಖರ್ಚಾಗುವುದು ಎಲೆಯಿಂದ. ಎಲೆ ಉದುರಿಸಿದರೆ ಆ ಖರ್ಚು ನಿಲ್ಲುತ್ತದೆ. ಬೇರು ಮಾತ್ರ ಆಳದ ತೇವವನ್ನು ಎಳೆಯುತ್ತಲೇ ಇರುತ್ತದೆ. ಹೀಗೆ ಕಾಂಡದಲ್ಲಿ, ಕೊಂಬೆಯಲ್ಲಿ ನೀರು ಮತ್ತೆ ತುಂಬುತ್ತದೆ. ಆ ಉಳಿತಾಯದಿಂದ ಮೊಗ್ಗು, ಚಿಗುರು ಹೊರಡುತ್ತವೆ. ಅಂದರೆ ಎಲೆ ಉದುರುವುದೇ ಹೂವಿನ ತಯಾರಿ.

ಬೋಳಾಗಿರುವುದರಿಂದ ಇನ್ನೊಂದು ಲಾಭ ಇದೆ. ಎಲೆ ಮರೆ ಇಲ್ಲದಿದ್ದರೆ ಹೂ ಹಕ್ಕಿಗೆ, ಜೇನಿಗೆ ದೂರದಿಂದಲೇ ಕಾಣುತ್ತದೆ. ಆಮೇಲೆ ಕಾಯಿ ಬಲಿತು, ಬೀಜ ಬೀಳುವುದು ಮುಂಗಾರಿಗೆ ಮುಂಚೆ. ಮೊದಲ ಮಳೆ ಬಿದ್ದಾಗ ಬೀಜ ನೆಲದಲ್ಲಿ ಕಾಯುತ್ತಿರುತ್ತದೆ.

ಕಾಲುವೆ ಪಕ್ಕದ ಮರವನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯಬೇಡಿ. ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತ ಮೇಲೆ ನಮ್ಮ ಜಿಲ್ಲೆಗಳಲ್ಲಿ ಎರಡು ಥರದ ನೆಲ ಆಗಿದೆ, ನೀರಾವರಿ ಮತ್ತು ಒಣಬೇಸಾಯ. ಕಾಲುವೆ ದಂಡೆಯ ಮರ ಎಲೆ ಉದುರಿಸಲು ಅವಸರ ಮಾಡುವುದಿಲ್ಲ. ಅದೇ ಜಾತಿಯ ಮರ ಕಲ್ಲುಗುಡ್ಡದ ಮೇಲೆ ಆಗಲೇ ಬೋಳಾಗಿರುತ್ತದೆ.

ನಮ್ಮ ಬೀದಿಯ ಬೇವಿನ ತುದಿಯೆಲ್ಲ ಕಂದಾಗಿ ಒಣಗಿದೆ. ಇದೂ ವಸಂತದ ಎಲೆ ಉದುರುವಿಕೆಯೇ?

ಅಲ್ಲ ಅನ್ನಿಸುತ್ತದೆ. ಸಹಜವಾಗಿ ಉದುರುವ ಎಲೆ ಹಳದಿಯಾಗಿ ಕಳಚಿ ಬೀಳುತ್ತದೆ, ಕೊಂಬೆ ಸ್ವಚ್ಛವಾಗಿ ಉಳಿಯುತ್ತದೆ. ನೀವು ಹೇಳುವುದರಲ್ಲಿ ರೆಂಬೆಯ ತುದಿಯೇ ಸತ್ತು, ಒಣ ಎಲೆ ಅಲ್ಲೇ ಜೋತು ಬಿದ್ದಿರುತ್ತದೆ. ಅದು ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ. ಕರ್ನಾಟಕ, ತೆಲಂಗಾಣದ ಬೇವುಗಳಲ್ಲಿ ಕೆಲವು ವರ್ಷಗಳಿಂದ ಜೋರಾಗಿ ಕಾಣಿಸಿಕೊಂಡಿದೆ. ಮಳೆಗಾಲದಲ್ಲಿ ಹರಡುತ್ತದೆ, ಅದರ ಕುರುಹು ಚಳಿಗಾಲದ ತನಕ ಉಳಿಯುತ್ತದೆ.

ಗಾಬರಿಯಾಗಿ ಮರ ಕಡಿಸಬೇಡಿ. ಬಹಳಷ್ಟು ಮರ ಫೆಬ್ರವರಿ–ಮಾರ್ಚ್‌ನಲ್ಲಿ ಸತ್ತ ತುದಿಯ ಕೆಳಗಿನಿಂದ ಮತ್ತೆ ಚಿಗುರುತ್ತವೆ. ಹಾಗಾಗಿ ಇಂಥ ಮರ ಸಿಕ್ಕರೆ ಅದನ್ನೇ ವಾರ ವಾರ ನೋಡುವುದು ಒಳ್ಳೆಯದು.

ಕಲ್ಲುಗುಡ್ಡದ ಮೇಲೆ ದೊಡ್ಡ ದೊಡ್ಡ ಹಳದಿ ಹೂ, ಮರದಲ್ಲಿ ಎಲೆಯೇ ಇಲ್ಲ. ಯಾವುದು?

ಅರಿಶಿನ ಬೂರುಗ. ಬಂಡೆ ಸಂದಿಯಲ್ಲಿ ಬೇರು ಬಿಡುವ ಚಿಕ್ಕ ಮರ. ಬೋಳು ಕೊಂಬೆಯ ತುದಿಯಲ್ಲಿ ಐದು ಎಸಳಿನ ಹಳದಿ ಹೂ. ಇದರ ಕಾಯಿಯಲ್ಲೂ ಹತ್ತಿ ಇರುತ್ತದೆ.

ಬರೀ ಬೂರುಗ ಬೇರೆ. ಅದು ಎತ್ತರದ ಮರ, ಎಳೆಯದರ ಕಾಂಡದ ಮೇಲೆ ದಪ್ಪ ಮುಳ್ಳು, ಹೂ ಕೆಂಪು, ಬಟ್ಟಲಿನಷ್ಟು ದೊಡ್ಡದು. ಹೂ ಬಿಡಿ ಬಿಡಿಯಾಗಿ ಉದುರುವುದಿಲ್ಲ, ಇಡೀ ಹೂವೇ ಧಪ್ ಅಂತ ಬೀಳುತ್ತದೆ.

ಬಳ್ಳಾರಿ ಜಾಲಿ ಹಸಿರಾಗಿದೆ, ಹೂವೂ ಬಿಟ್ಟಿದೆ. ಇದನ್ನು ಬರೆದುಕೊಳ್ಳಬಹುದಾ?

ಬರೆದುಕೊಳ್ಳಿ, ಆದರೆ ಅದನ್ನು ಋತುವಿನ ಸಾಕ್ಷಿ ಅಂತ ನಂಬಬೇಡಿ. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಬೇರು ಬಹಳ ಆಳಕ್ಕೆ ಇಳಿಯುತ್ತದೆ, ಎಂಥ ಬೇಸಿಗೆಯಲ್ಲೂ ಹಸಿರಾಗಿಯೇ ಇರುತ್ತದೆ, ವರ್ಷದಲ್ಲಿ ಹಲವು ಸಲ ಹೂ ಬಿಡುತ್ತದೆ. ನಮ್ಮ ಊರಿನ ಹೆಸರು ಅದಕ್ಕೆ ಅಂಟಿಕೊಂಡಿದ್ದು ನಮ್ಮ ಹಣೆಬರಹ! ಎಕ್ಕವೂ ಹಾಗೆಯೇ, ವರ್ಷವಿಡೀ ಹೂ.

ಹೊಂಗೆ ಮಾತ್ರ ನಂಬಿಕಸ್ಥ. ಹಳೆ ಎಲೆ ಬಿದ್ದ ಕೆಲವೇ ದಿನಕ್ಕೆ ಮಿರಿ ಮಿರಿ ಮಿಂಚುವ ಎಳೆಹಸಿರು ಬರುತ್ತದೆ. ಒಣಗಿದ ಊರಿನಲ್ಲಿ ಆ ಹಸಿರು ಬೇರೆಯೇ ಕಾಣುತ್ತದೆ. ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಮರದ ಕೆಳಗೆ ಮಂಡಕ್ಕಿ ಚೆಲ್ಲಿದ ಹಾಗೆ ಹೂ ಬಿದ್ದಿರುತ್ತದೆ.

ಕೋಗಿಲೆ ಕೂಗಿದರೆ ವಸಂತ ಬಂತು ಅನ್ನಬಹುದಾ? ಅದು ಎಲ್ಲಿಂದ ಬರುತ್ತದೆ?

ಎಲ್ಲಿಂದಲೂ ಬರುವುದಿಲ್ಲ. ವರ್ಷವಿಡೀ ಇಲ್ಲೇ ಇರುತ್ತದೆ. ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡು ಹಣ್ಣು ತಿನ್ನುತ್ತಾ ಕೂತಿರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಮರಿ ಮಾಡುವ ಕಾಲ ಹತ್ತಿರ ಬಂದಾಗ ಗಂಡು ಕೂಗಲು ಶುರು ಮಾಡುತ್ತದೆ. ಕುಹೂ ಅನ್ನುವುದು ಕಪ್ಪು ಗಂಡು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ಅದರದ್ದು ಕಿಕ್ ಕಿಕ್ ಅನ್ನುವ ಚುರುಕು ದನಿ. ಮೊದಮೊದಲು ಗಂಡಿನ ಕೂಗು ಅರ್ಧಕ್ಕೇ ನಿಲ್ಲುತ್ತದೆ. ಮಾರ್ಚ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸುತ್ತದೆ.

ಆದರೆ ನಾನು ಕೋಗಿಲೆಗಿಂತ ಕಂಚುಗಾರ ಹಕ್ಕಿಯನ್ನು ಜಾಸ್ತಿ ನಂಬುತ್ತೇನೆ. ಗುಬ್ಬಿಗಿಂತ ಸ್ವಲ್ಪ ದೊಡ್ಡ, ಹಸಿರು ಮೈ, ಹಣೆ ಕೆಂಪು. ಆಲ, ಬಸರಿ, ಅರಳಿಯ ತುದಿಯಲ್ಲಿ ಕೂತು ಟುಕ್ ಟುಕ್ ಟುಕ್ ಅಂತ ಒಂದೇ ತಾಳದಲ್ಲಿ ಬಡಿಯುತ್ತದೆ. ಬಿಸಿಲೇರಿದಷ್ಟೂ ಜೋರು. ಕೊಕ್ಕು ತೆರೆಯದೆಯೇ ಕೂಗುತ್ತದೆ. ದುರ್ಬೀನು ಇದ್ದರೆ ಗಂಟಲು ಉಬ್ಬುವುದನ್ನು ನೋಡಬಹುದು. ಅದೇ ಮರದ ಒಣ ಕೊಂಬೆಯಲ್ಲಿ ದುಂಡಗಿನ ಹೊಸ ತೂತು ಇದೆಯಾ ನೋಡಿ, ಗೂಡು ಕೊರೆದಿರುತ್ತದೆ.

ಇನ್ನೆರಡು. ಸೂರಕ್ಕಿಯ ಗಂಡು ಮೈಬಣ್ಣ ಬದಲಿಸುತ್ತದೆ. ಎದೆ ನಡುವೆ ಒಂದು ಕಪ್ಪು ಗೀರು ಮಾತ್ರ ಇದ್ದ ಹಳದಿ ಹಕ್ಕಿ ಪೂರ್ತಿ ಮಿಂಚುವ ನೀಲಿ–ನೇರಳೆ ಆಗುತ್ತದೆ. ನಡುವಿನ ತೇಪೆ ತೇಪೆಯ ಹಕ್ಕಿ ಸಿಕ್ಕರೆ ನಿಮ್ಮ ಅದೃಷ್ಟ. ಹೊಲದ ಮೇಲಿನ ವಿದ್ಯುತ್ ತಂತಿಯಲ್ಲಿ ಕೂರುವ ನೀಲಕಂಠ, ನಮ್ಮ ರಾಜ್ಯ ಪಕ್ಷಿ, ಮಾರ್ಚ್ ಹೊತ್ತಿಗೆ ಆಕಾಶಕ್ಕೆ ಏರಿ, ಕಿರುಚುತ್ತಾ ಹೊರಳಿ ಹೊರಳಿ ಇಳಿಯುತ್ತದೆ. ಜಗಳ ಅಲ್ಲ, ಹೆಣ್ಣಿಗೆ ತೋರಿಸುವ ಕಸರತ್ತು.

ಇಲ್ಲೇ ಇರುವ ಹಕ್ಕಿಗಳ ಮಾತಾಯಿತು. ಹೋಗುವ ಹಕ್ಕಿಗಳು?

ಅದನ್ನು ಗಮನಿಸುವುದು ಕಷ್ಟ, ಯಾಕೆಂದರೆ ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಕೆರೆ, ಹಿನ್ನೀರಿನಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆಯ ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಟಿಬೆಟ್, ಮಂಗೋಲಿಯಾ ಕಡೆ ಹೊರಡುತ್ತವೆ. ಗುಲಾಬಿ ಕಬ್ಬಕ್ಕಿಗಳು ಜೋಳದ ಹೊಲಕ್ಕೆ ಹಿಂಡು ಹಿಂಡಾಗಿ ಇಳಿದವು, ಜೋಳ ಮುಗಿದ ಮೇಲೆ ಮುತ್ತುಗಕ್ಕೆ ಮುತ್ತುತ್ತವೆ. ಏಪ್ರಿಲ್‌ನಲ್ಲಿ ಮಧ್ಯ ಏಷ್ಯಾಕ್ಕೆ. ಗದ್ದೆ ಬದುವಿನ ಹಳದಿ ಕುಂಡೆಕುಸ್ಕ ಹೋಗುವ ಮುಂಚೆ ಮಾಸಲು ಬಣ್ಣ ಬಿಟ್ಟು ಹೊಳೆಯುವ ಹಳದಿ ಆಗುತ್ತದೆ. ಫೆಬ್ರವರಿಯಲ್ಲೊಮ್ಮೆ, ಮಾರ್ಚ್ ಕೊನೆಗೊಮ್ಮೆ ನೋಡಿ. ಬೇರೆ ಹಕ್ಕಿಯೇನೋ ಅನ್ನಿಸುತ್ತದೆ.

ಎಲ್ಲಿ ನಡೆಯಬೇಕು?

ದೂರ ಹೋಗಲೇಬೇಕು ಅಂತ ಇಲ್ಲ, ಆದರೂ ಕೇಳಿದ್ದೀರಿ.

ಕೊಪ್ಪಳದವರಿಗೆ ಗವಿಮಠದ ಗುಡ್ಡ, ಪಾಲ್ಕಿಗುಂಡು ಇವೆ. ಎರಡೂ ಕಡೆ ಅಶೋಕನ ಶಾಸನ ಇದೆ, ಹಾಗಾಗಿ ಮರ ನೋಡಲು ಬೇಸರ ಪಡುವ ಗೆಳೆಯರನ್ನೂ ಕರೆದುಕೊಂಡು ಹೋಗಬಹುದು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ನನ್ನ ಮೊದಲ ಆಯ್ಕೆ. ನೂರಾರು ಶಿಲಾಸಮಾಧಿಗಳ ಜಾಗ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಹತ್ತುವ ದಾರಿಯೇ ಕಲ್ಲು, ಕುರುಚಲು ಕಾಡು. ಆನೆಗೊಂದಿ–ಸಾಣಾಪುರದಲ್ಲಿ ಒಂದೇ ನಡಿಗೆಯಲ್ಲಿ ಎರಡು ಲೋಕ ಸಿಗುತ್ತವೆ, ಕೆಳಗೆ ಭತ್ತ ಮತ್ತು ಬಾಳೆ, ಮೇಲೆ ಬೋಳು ಬಂಡೆ. ನದಿಯಾಚೆಯ ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ, ಮರಗಳಿಗೆ ಆ ಗಡಿ ಗೊತ್ತಿಲ್ಲ ಬಿಡಿ.

ಬಳ್ಳಾರಿಯವರು ಸಂಡೂರಿಗೆ ಹೋಗಬಹುದು. ಕುಮಾರಸ್ವಾಮಿ ಗುಡಿಯ ಬೆಟ್ಟ, ನಾರಿಹಳ್ಳದ ಸುತ್ತ ಕಾಡು ದಟ್ಟ, ತಂಪೂ ಜಾಸ್ತಿ. ಊರಲ್ಲೇ ಇರುವವರಿಗೆ ಕೋಟೆ ಗುಡ್ಡದ ಬುಡ ಸಾಕು. ರಾಯಚೂರಿನಲ್ಲಿ ಕೋಟೆ ಪಕ್ಕದ ಆಮ್ ತಲಾಬ್, ಮಲಿಯಾಬಾದ್ ಕೋಟೆ, ಕೃಷ್ಣಾ ನದಿ ದಂಡೆ.

ಫೆಬ್ರವರಿಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಆಸುಪಾಸು. ಆಗ ಹೊರಟು ಒಂಬತ್ತಕ್ಕೆ ವಾಪಸ್ ಆಗಿ.

ಗುಡ್ಡ ಹತ್ತಲು ಆಗುವುದಿಲ್ಲ. ಹೊಲದ ಕಡೆ ಏನಾದರೂ ಕಾಣುತ್ತದಾ?

ಬೇಕಾದಷ್ಟು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವಾಗ ಹಸಿರಾಗಿದ್ದ ಎರೆಹೊಲ ಶಿವರಾತ್ರಿ ಹೊತ್ತಿಗೆ ಬಣ್ಣ ಬದಲಿಸಿರುತ್ತದೆ. ಕಡಲೆ ಒಣಗಿ ಕಿತ್ತಿರುತ್ತಾರೆ, ಕುಸುಬೆಯ ಹಳದಿ ಹೂ ಕೇಸರಿಗೆ ತಿರುಗಿರುತ್ತದೆ, ಬಿಳಿಜೋಳದ ತೆನೆ ಬಲಿತಿರುತ್ತದೆ. ಸೀತನಿ (ಸುಟ್ಟು ತಿನ್ನುವ ಎಳೆ ಜೋಳ) ಮುಗಿಯಿತು ಅಂದರೆ ಚಳಿ ಮುಗಿಯಿತು ಅಂತಲೇ ಅರ್ಥ. ಬಾರಿಹಣ್ಣು ಕೊನೆಗೆ ಬಂದು, ಹುಣಸೆ ಬಡಿಯುವ ಕೆಲಸ ಶುರುವಾಗುತ್ತದೆ. ಕಣದಲ್ಲಿ ಮೆಣಸಿನಕಾಯಿ ಕೆಂಪಗೆ ಹರವಿರುತ್ತಾರೆ.

ಹೊಲದವರನ್ನು ಮಾತಾಡಿಸಿ. "ಯಣ್ಣಾ, ನಿಮ್ಮ ಬದುವಿನ ಮುತ್ತುಗ ಈ ಸಲ ಯಾವಾಗ ಹೂ ಬಿಡ್ತು?" ಅಂತ ಕೇಳಿದರೆ ಸಾಕು. "ಏ, ಅದು ಆಗ್ಲೇ ಬಿಟ್ಟೈತ್ರಿ, ನೀವು ತಡಾ ಮಾಡಿ ಬಂದ್ರಿ" ಅಂತ ಶುರುವಾದ ಮಾತು ಚಹಾ ಕುಡಿಯುವ ತನಕ ಹೋಗುತ್ತದೆ. ಬದು ದಾಟುವ ಮುಂಚೆ ಕೇಳುವುದನ್ನು ಮರೆಯಬೇಡಿ.

ಕರಡಿ, ಚಿರತೆ, ಹಾವು? ಭಯ ಆಗುತ್ತದೆ.

ಎಚ್ಚರ ಬೇಕು. ಆನೆಗೊಂದಿ, ಗಂಗಾವತಿ, ಸಂಡೂರಿನ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಡ್ಡಕ್ಕೆ ಹೋಗಬೇಡಿ. ಬೆಳಕು ಚೆನ್ನಾಗಿ ಬಿದ್ದ ಮೇಲೆ, ಜೊತೆಯಲ್ಲಿ ಹೋಗಿ. ಬಂಡೆಯ ಗವಿಯೊಳಗೆ ಇಣುಕಬೇಡಿ. ಒಣಹುಲ್ಲು, ತರಗೆಲೆಯಲ್ಲಿ ಕೊಳಕುಮಂಡಲ ಕಾಣುವುದೇ ಇಲ್ಲ, ಆದ್ದರಿಂದ ಕಾಲು ಮುಚ್ಚುವ ಬೂಟು ಹಾಕಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಅಲ್ಲಾಡಿಸದೆ ನೇರ ಆಸ್ಪತ್ರೆಗೆ, 108ಕ್ಕೆ ಕರೆ ಮಾಡಿ.

ನಿಜ ಹೇಳಬೇಕೆಂದರೆ ಈ ಕಾಲದಲ್ಲಿ ನನಗೆ ಜಾಸ್ತಿ ಭಯ ಹೆಜ್ಜೇನಿನದು. ದೊಡ್ಡ ಬಂಡೆಯ ಕೆಳಭಾಗದಲ್ಲಿ, ಕೋಟೆ ಗೋಡೆಯಲ್ಲಿ, ಆಲದ ಕೊಂಬೆಯಲ್ಲಿ ದೊಡ್ಡ ಜೇನುಗೂಡು ತೂಗುತ್ತಿರುತ್ತದೆ. ಅದರ ಹತ್ತಿರ ಹೊಗೆ, ಗದ್ದಲ, ಜೋರು ವಾಸನೆಯ ಸೆಂಟು, ಡ್ರೋನ್ ಯಾವುದೂ ಬೇಡ. ಎದ್ದು ಬಂದರೆ ಮುಖ ಮುಚ್ಚಿಕೊಂಡು ದೂರಕ್ಕೆ ಓಡಿ, ಬಾಗಿಲು ಇರುವ ಮನೆ ಅಥವಾ ಗಾಡಿಯೊಳಗೆ ಸೇರಿಕೊಳ್ಳಿ. ನಿಂತು ಕೈ ಬೀಸಬೇಡಿ.

ಮಕ್ಕಳನ್ನು ಕರೆದುಕೊಂಡು ಹೋದರೆ ಏನು ಮಾಡಿಸಬಹುದು?

ಉದ್ದ ನಡಿಗೆ ಬೇಡ, ಒಂದೆರಡು ಮರ ಸಾಕು. ಬಿದ್ದ ಮುತ್ತುಗದ ಹೂ ಆಯಿಸಿ ಚೀಲಕ್ಕೆ ಹಾಕಿಸಿ. ಮರದಿಂದ ಕೀಳುವುದು ಬೇಡ, ಅದು ಹಕ್ಕಿಯ ಊಟ. ಮನೆಗೆ ತಂದು ನೀರಲ್ಲಿ ಕುದಿಸಿ ರಾತ್ರಿಯಿಡೀ ಬಿಟ್ಟರೆ ಕಿತ್ತಳೆ ಮಿಶ್ರಿತ ಹಳದಿ ನೀರು ಸಿಗುತ್ತದೆ. ಸೋಸಿದರೆ ಹೋಳಿಯ ಬಣ್ಣ ಸಿದ್ಧ. ಬಿಳಿ ಅಂಗಿಯ ಮೇಲೆ ಕಲೆ ಉಳಿಯುತ್ತದೆ, ಅಮ್ಮನಿಗೆ ಮೊದಲೇ ಹೇಳಿಬಿಡಿ.

ಬೂರುಗದ ಕೆಳಗೆ ಕೆಂಪು–ಕಪ್ಪು ತಿಗಣೆಗಳು ಜೋಡಿ ಜೋಡಿಯಾಗಿ ಓಡಾಡುತ್ತವೆ, ಒಂದು ಮುಂದಕ್ಕೆ ಎಳೆದರೆ ಇನ್ನೊಂದು ಹಿಂದಕ್ಕೆ. ಮಕ್ಕಳಿಗೆ ಅದರಷ್ಟು ಖುಷಿ ಕೊಡುವುದು ಇನ್ನೊಂದಿಲ್ಲ.

ನೋಡಿದ್ದನ್ನು ಬರೆದಿಡಬೇಕಾ? ಎಲ್ಲಿ?

ಬರೆದರೆ ಒಳ್ಳೆಯದು. ಒಂದು ಮರ ಆರಿಸಿ, ವಾರಕ್ಕೊಮ್ಮೆ ಎಲೆ, ಹೂ, ಕಾಯಿ ಎಷ್ಟಿವೆ ಅಂತ ಗುರುತು ಹಾಕಿ. ತಾರೀಕು ಕಡ್ಡಾಯ. ಹಳೇ ಕ್ಯಾಲೆಂಡರ್ ಸಾಕು. ಮೊಬೈಲಿನಲ್ಲಿ ಬೇಕಾದರೆ ಸೀಸನ್‌ವಾಚ್ ಇದೆ, ದೇಶದ ಬೇರೆ ಬೇರೆ ಕಡೆಯವರು ಇದೇ ರೀತಿ ಮರ ನೋಡಿ ಬರೆಯುತ್ತಾರೆ. ಹಕ್ಕಿಗೆ ಇ–ಬರ್ಡ್. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ನಿಂತು ಎಣಿಸಿದರೂ ನಡೆಯುತ್ತದೆ. ನಮ್ಮ ಬಯಲುಸೀಮೆಯಿಂದ ಹೋಗುವ ಪಟ್ಟಿಗಳು ಇನ್ನೂ ಜಾಸ್ತಿ ಆಗಬೇಕು.

ಈ ವರ್ಷ ಮುತ್ತುಗ ಬೇಗ ಹೂ ಬಿಟ್ಟಿದೆ. ಹವಾಮಾನ ಬದಲಾವಣೆಯೇ?

ಒಂದು ಮರ, ಒಂದು ವರ್ಷ ನೋಡಿ ಹಾಗೆ ಹೇಳಲು ಬರುವುದಿಲ್ಲ. ಹಿಂಗಾರು ಕೈಕೊಟ್ಟ ವರ್ಷ ನೆಲ ಬೇಗ ಒಣಗುತ್ತದೆ, ಎಲೆ ಬೇಗ ಬೀಳುತ್ತದೆ. ಡಿಸೆಂಬರ್‌ನಲ್ಲಿ ಅಕಾಲ ಮಳೆ ಆದರೆ ಉಲ್ಟಾ. ಒಂದೇ ಬದುವಿನ ಎರಡು ಮುತ್ತುಗಗಳೇ ಹತ್ತು ಹದಿನೈದು ದಿನ ಹಿಂದೆ ಮುಂದೆ ಆಗುತ್ತವೆ. ಅದೇ ಮರದ ತಾರೀಕು ಹತ್ತಾರು ವರ್ಷದ್ದು ಸಿಕ್ಕಾಗ ಮಾತಾಡಬಹುದು. ಅದಕ್ಕೇ ಮೇಲೆ ತಾರೀಕು ಕಡ್ಡಾಯ ಅಂದಿದ್ದು.

ನಾಯಿ ಕರೆದುಕೊಂಡು ಬರಬಹುದಾ?

ಊರೊಳಗಿನ ನಡಿಗೆಗೆ ಸರಿ, ಹಗ್ಗ ಬಿಡಬೇಡಿ. ಬಯಲು, ಹೊಳೆದಂಡೆ, ಗುಡ್ಡಕ್ಕೆ ಬೇಡ. ನೆಲಗುಬ್ಬಿ, ಟಿಟ್ಟಿಭ ಬರೀ ನೆಲದ ಮೇಲೆ, ಹೊಳೆಯ ರೀವಗಳು (ನೀರಿನ ಮೇಲೆ ಹಾರಿ ಮೀನು ಹಿಡಿಯುವ ಹಕ್ಕಿಗಳು) ಮರಳ ದಿಬ್ಬದ ಮೇಲೆ ಮೊಟ್ಟೆ ಇಡುವ ಕಾಲ ಇದು. ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಕಿರುಚುತ್ತಿದ್ದರೆ ಮೊಟ್ಟೆ ಹತ್ತಿರದಲ್ಲೇ ಇದೆ ಅಂತ. ಹುಡುಕಲು ಹೋಗದೆ ಬಂದ ದಾರಿಯಲ್ಲೇ ವಾಪಸ್ ಬನ್ನಿ.